ಬಾಣಂತಿ ಮನೆಗೆ ಮೊದಲ ಎಣ್ಣೆ

ನನ್ನ ಮೂಗು ಕೈಕೊಟ್ಟು ಎರಡು ವರ್ಷವಾಗಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಒಂದು ವಾರ ಜ್ವರ ಬಂತು, ಇಳಿಯಿತು, ಇಳಿಯುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಬೇರೆ ಯಾರಿಗಾದರೂ ಹೀಗಾಗಿದ್ದರೆ ಒಗ್ಗರಣೆಯ ಘಮ ಬರುವುದಿಲ್ಲವೆಂದು ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದರು. ನಾನು ಹಾಗೆ ಸುಮ್ಮನಾಗುವಂತಿರಲಿಲ್ಲ. ನಾನು ಆಳಂದದ ದರ್ಗಾ ಬೀದಿಯಲ್ಲಿ ಅತ್ತರು ಮಾರುತ್ತಿದ್ದ ಲಾಡ್ಲೆಸಾಬರ ಮಗಳು ಅಮೀರುನ್ನಿಸಾ. ಗೊಬ್ಬೂರಿನ ಹನ್ನೊಂದು ಹೆಂಗಸರು ಸೇರಿ ಕೂದಲೆಣ್ಣೆ ಮಾಡುತ್ತೇವೆ. ಅದರಲ್ಲಿ ಮೂಸುವುದು ನನ್ನ ಕೆಲಸ. ಅದೊಂದೇ ನನ್ನ ಕೆಲಸ, ಅದೊಂದೇ ನನ್ನ ಮರ್ಯಾದೆ.

ನಮ್ಮ ಎಣ್ಣೆ ಕಾಡು ಔಡಲದ್ದು. ಅದನ್ನು ಯಾರೂ ಬಿತ್ತುವುದಿಲ್ಲ. ಹಳ್ಳದ ದಂಡೆಗೆ, ಬದುವಿಗೆ, ಹಾಳುಗೋಡೆಯ ಹಿಂದೆ ತಾನಾಗಿಯೇ ಬೆಳೆಯುತ್ತದೆ. ಚಳಿಗಾಲದಲ್ಲಿ ಬೀಜ ಆರಿಸಿ ತಂದು, ಒಣಗಿಸಿ, ಅವರವರ ಮನೆಯಲ್ಲೇ ಹುರಿದು ಕುಟ್ಟಿ, ಆ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸಂಘದ ಕೋಣೆಗೆ ತರುತ್ತೇವೆ. ಹನ್ನೊಂದು ಗಂಟೂ ಒಂದೇ ಹಂಡೆಗೆ ಬೀಳುತ್ತವೆ. ನೀರು ಹಾಕಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ, ಅದನ್ನು ಸೌಟಿನಿಂದ ತೆಗೆಯುತ್ತೇವೆ. ಆಮೇಲೆ ಗರಗದ ಸೊಪ್ಪು, ಮೆಂತ್ಯ, ದಾಸವಾಳ ಹಾಕಿ ಇನ್ನೊಮ್ಮೆ ಕಾಸಿದರೆ ಕೂದಲೆಣ್ಣೆ. ಅಫಜಲಪುರ, ಜೇವರ್ಗಿ, ಆಳಂದದ ಸಂತೆಗಳಲ್ಲಿ ಹೋಗುತ್ತದೆ. ಅಂದೋಲಾದ ಹೆಂಗಸರಂತೂ ಬೇರೆ ಎಣ್ಣೆ ಮುಟ್ಟುವುದಿಲ್ಲ.

ಸಂಘದಲ್ಲಿ ಒಂದು ಕಟ್ಟುಪಾಡು ಇದೆ. ಯಾರ ಗಂಟನ್ನೂ ಯಾರೂ ಬಿಚ್ಚಿ ನೋಡುವಂತಿಲ್ಲ. ಮೊದಲ ವರ್ಷ ಅವಳದು ಕಡಿಮೆ, ಇವಳದು ಬರೀ ಹೊಟ್ಟು ಎಂದು ಜುಟ್ಟು ಹಿಡಿದು ಜಗಳವಾಗಿತ್ತು. ಬಡವಿಯ ಗಂಟು ಚಿಕ್ಕದಿರುತ್ತದೆ, ಅದನ್ನು ಎಲ್ಲರೆದುರು ಬಿಚ್ಚಿ ತೋರಿಸಿದರೆ ಅವಳು ಮತ್ತೆ ಬರುತ್ತಾಳೆಯೇ? ಅದಕ್ಕೇ ಗಂಟುಗಳೆಲ್ಲ ಕಟ್ಟಿದ ಹಾಗೆಯೇ ನನ್ನ ಮಡಿಲಿಗೆ ಬರುತ್ತವೆ. ನಾನು ಬಾಯಿ ತುಸು ಸಡಿಲಿಸಿ, ಮೂಗು ಇಟ್ಟು, ಮತ್ತೆ ಕಟ್ಟಿ ಹೂಂ ಅಥವಾ ಉಹೂಂ ಅನ್ನುತ್ತೇನೆ. ನನ್ನ ಮಾತೇ ಕೊನೆ.

ಇನ್ನೊಂದು ಪದ್ಧತಿಯೂ ಇದೆ. ಸೊಪ್ಪು ಹಾಕುವ ಮೊದಲು ತೆಗೆದ ತಿಳಿ ಎಣ್ಣೆಯಲ್ಲಿ ಒಂದು ಸೀಸೆ ಮಾರಾಟಕ್ಕಲ್ಲ, ಯಾವುದಾದರೂ ಬಾಣಂತಿ ಮನೆಗೆ. ಕೂಸಿನ ನೆತ್ತಿಗೆ ಹಚ್ಚಿ, ಹೊಟ್ಟೆ ಶುದ್ಧವಾಗಲೆಂದು ಅರ್ಧ ಚಮಚ ನೆಕ್ಕಿಸುತ್ತಾರೆ. ಆ ಸೀಸೆಯ ಕೊರಳಿಗೆ ನಾನೇ ಹಸಿರು ದಾರ ಕಟ್ಟುತ್ತೇನೆ. ಅಮೀರಮ್ಮ ಮೂಸಿದ್ದಾಳೆ, ಕಣ್ಣುಮುಚ್ಚಿ ಕುಡಿಸಬಹುದು ಎಂದು ಅದರ ಅರ್ಥ.

ಮೂಗು ಹೋದ ಮೇಲೆ ಎರಡು ವರ್ಷ ಹೇಗೆ ನಡೆಸಿದೆ ಎಂದು ಕೇಳಿದರೆ ನಾಚಿಕೆಯಾಗುತ್ತದೆ. ಬೆರಳಲ್ಲಿ ತಿಕ್ಕಿ ಜಿಡ್ಡು ನೋಡುತ್ತಿದ್ದೆ. ಕಣ್ಣು ಮುಚ್ಚಿ ಹೊತ್ತು ಕಳೆಯುತ್ತಿದ್ದೆ. ಯಾರಿಗೂ ಅನುಮಾನ ಬರಬಾರದೆಂದು ಆಗೊಮ್ಮೆ ಈಗೊಮ್ಮೆ ಒಳ್ಳೆಯ ಗಂಟನ್ನೂ ಹಿಂದಕ್ಕೆ ಕಳಿಸುತ್ತಿದ್ದೆ. ಆ ವಾರ ಹಾಗೆ ಕಳಿಸಿದ್ದು ಅಫ್ರೀನಳ ಗಂಟನ್ನು. "ಹಸಿ ವಾಸನಿ ಅದ, ಮತ್ತೊಮ್ಮೆ ಹುರಕೊಂಡು ಬಾ ಬೇ" ಎಂದಿದ್ದೆ. ಪಾಪ, ಅವಳು ಗಂಟು ಎತ್ತಿಕೊಂಡು ಹೋದಳು. ಸಂಜೆ ಹಂಡೆಯ ಮುಂದೆ ನಿಂತು ಅದೇ ಅಫ್ರೀನ, "ಖಾಲಾ, ಇವತ್ತ ಘಾಟು ಯಾಕೋ ಬ್ಯಾರೆ ಬರಾಕತ್ತಾದ್ರಿ" ಅಂದಳು. ಗಂಟು ತಿರುಗಿಸಿದ ಸಿಟ್ಟಿಗೆ ಹೀಗನ್ನುತ್ತಿದ್ದಾಳೆ ಎಂದುಕೊಂಡೆ. "ನಿನ್ನ ಮೂಗು ಹೆಚ್ಚೋ, ನಂದು ಹೆಚ್ಚೋ?" ಎಂದು ಎಲ್ಲರ ಮುಂದೆ ಗದರಿಸಿದೆ. ಉಳಿದವರು ನಕ್ಕರು. ಎಣ್ಣೆ ತೆಗೆದು, ಸೋಸಿ, ಮೊದಲ ಸೀಸೆಗೆ ದಾರ ಕಟ್ಟಿದೆ.

ಆ ಸಲದ ಬಾಣಂತಿ ನಮ್ಮ ಸಂಘದವಳೇ, ಅನುರಾಧಾ. ಚೊಚ್ಚಲ ಹೆರಿಗೆಗೆ ಹವಳಗಾದ ತವರಿಗೆ ಹೋಗಿದ್ದಳು. ಗಂಡುಕೂಸು ಹುಟ್ಟಿ ಹನ್ನೆರಡು ದಿನವಾಗಿತ್ತು. ಅವಳ ಗಂಡ ಕಲ್ಯಾಣಕುಮಾರ ಬಸ್ ಕಂಡಕ್ಟರ್. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಸೀಸೆ ತೆಗೆದುಕೊಂಡು ಹೋದ.

ಹತ್ತೂವರೆಯ ಸುಮಾರಿಗೆ ನಾನು ನಿಂಬೆವ್ವನ ಮನೆಗೆ ಹೋದೆ, ಅವಳ ಜರಡಿ ಹಿಂದಿರುಗಿಸಲು. ನಿಂಬೆವ್ವ ಸಂಘದಲ್ಲಿ ಎಲ್ಲರಿಗಿಂತ ಹಿರಿಯಳು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಈ ಸಲ ಎಲ್ಲರದಕ್ಕಿಂತ ದೊಡ್ಡ ಗಂಟು ತಂದವಳು ಅವಳೇ. ಅಂಗಳದಲ್ಲಿ ಮೊರದ ತುಂಬ ಉಳಿದ ಬೀಜ ಹರವಿ ಬಿಸಿಲಿಗೆ ಇಟ್ಟಿದ್ದಳು. ದಾಟಿ ಹೋಗಬೇಕೆಂದವಳು ನಿಂತುಬಿಟ್ಟೆ.

ಔಡಲ ಬೀಜಕ್ಕೆ ಹೊಳಪಿರುತ್ತದೆ, ಮೈಮೇಲೆ ಕಂದು ಚಿತ್ತಾರವಿರುತ್ತದೆ. ಮೊರದಲ್ಲಿದ್ದವು ಅದೇ ಗಾತ್ರದ, ಮಂಕು ಕಪ್ಪು ಬೀಜಗಳು. ಒಂದರ ಮೇಲೂ ಚಿತ್ತಾರವಿಲ್ಲ.

"ಇವು ಎಲ್ಲಿಂದ ತಂದಿ ನಿಂಬೆವ್ವಾ?"

"ಹಳ್ಳದ ಔಡ್ಲೆಲ್ಲ ಜೆಸಿಬಿ ಹಚ್ಚಿ ಕಿತ್ತಾರಲ್ಲ, ರೋಡ್ ಮಾಡಾಕ. ಖಂಡಪ್ಪನ ಹೊಲದ ಬೇಲಿ ಬುಡಕ ಸಿಕ್ಕಾಪಟ್ಟಿ ಉದುರಿದ್ವು. ಕೂತಲ್ಲೇ ಆರಿಸಿಕೊಂಡೆ. ಯಾಕ?"

ಖಂಡಪ್ಪನ ಬೇಲಿಗೆ ಇರುವುದು ಬೇಲಿ ಔಡಲ. ಜತ್ರೋಫಾ ಎಂದು ಹಿಂದೊಮ್ಮೆ ಸರ್ಕಾರದವರು ಸಸಿ ಹಂಚಿದ್ದರು, ಅದರ ಎಣ್ಣೆಯಿಂದ ಗಾಡಿ ಓಡುತ್ತವೆ ಎಂದಿದ್ದರು. ಬೀಜ ಕೊಳ್ಳಲು ಯಾರೂ ಬರಲಿಲ್ಲ, ಬೇಲಿ ಮಾತ್ರ ಉಳಿಯಿತು. ದನ ಕೂಡ ಅದಕ್ಕೆ ಬಾಯಿ ಹಾಕುವುದಿಲ್ಲ. ಒಂದು ಸಲ ಶಾಲೆಯ ಮಕ್ಕಳು ಅದರ ಬೀಜ ತಿಂದು, ಸಂಜೆಯ ತನಕ ವಾಂತಿ ಭೇದಿಯಾಗಿ, ಸಲೈನ್ ಏರಿಸಿಕೊಂಡು ಉಳಿದಿದ್ದರು. ಅವರು ಹತ್ತು ಹನ್ನೊಂದು ವರ್ಷದ ಗಟ್ಟಿ ಮಕ್ಕಳು. ಅನುರಾಧಾಳ ಕೂಸಿಗೆ ಹನ್ನೆರಡು ದಿನ.

ಹೆದರಿಕೆಯನ್ನು ಸಿಟ್ಟು ಮಾಡುವುದು ನನ್ನ ಹಳೇ ಚಾಳಿ. "ಕಣ್ಣು ಕಾಣಂಗಿಲ್ಲಂದ್ರ ಯಾರಿಗರ ತೋರಸ್ಬಾರದೇನು?" ಎಂದು ಕೂಗಿದೆ.

"ಯಾರಿಗೆ ತೋರಸ್ಲಿ? ಗಂಟು ಯಾರೂ ಬಿಚ್ಚಂಗಿಲ್ಲಲ್ಲ. ನನ್ನ ಕಣ್ಣು ಹೋಗ್ಯಾವ ಅಂತ ಊರಿಗೆಲ್ಲ ಹೇಳೀನಿ, ಮುಚ್ಚಿಟ್ಟಿಲ್ಲ. ಹುರಿಯುವಾಗ ಘಾಟು ಹೊಡೀತು, ಅನುಮಾನ ಬಂತು ಖರೆ. ಅಮೀರಮ್ಮ ಮೂಸ್ತಾಳ, ಆಕಿ ಬ್ಯಾಡಂದ್ರ ಚೆಲ್ಲಿದ್ರಾತು ಅಂತ ತಂದೆ. ನೀ ಹೂಂ ಅಂದಿ."

ಒಂದು ಹಿಡಿ ಬೀಜ ಸೆರಗಿಗೆ ಕಟ್ಟಿಕೊಂಡೆ. "ಸಂಘಕ್ಕ ಹೋಗಿ ಒಲಿ ಆರಿಸ್ರಿ ಅನ್ನು. ನಾ ಬರೂತನ ಒಂದು ಹನಿ ಎಣ್ಣಿ ಸೀಸೆದಾಗ ತುಂಬಬ್ಯಾಡ್ರಿ ಅನ್ನು" ಎಂದೆ. ಯಾಕೆ ಎಂದಳು. "ಅನ್ನು ಅಂದ್ರ ಅನ್ನು" ಎಂದು ಹೇಳಿ ಓಡಿದೆ.

ನನ್ನ ಸೊಸೆ ನೂರೀನ ಬಟ್ಟೆ ಒಣಹಾಕುತ್ತಿದ್ದಳು. ಬೀಜ ತೋರಿಸಿ, ಅನುರಾಧಾಳಿಗೆ ಹೋದ ಸೀಸೆಯಲ್ಲಿ ಇದೇ ಇದೆ ಎಂದೆ. ಅವಳು ಸ್ಕೂಟಿಯ ಕೀಲಿ ತೆಗೆದುಕೊಂಡಳು. ಊರಿನಿಂದ ಹವಳಗಾಕ್ಕೆ ಮುಕ್ಕಾಲು ಗಂಟೆಯ ದಾರಿ. ಹೊರಡುವ ಮೊದಲು ಅನುರಾಧಾಳಿಗೆ ಫೋನ್ ಹಚ್ಚಿದಳು, ಬಂದಾಗಿತ್ತು. ಬಾಣಂತಿಯ ಕಣ್ಣು ಕೆಡುತ್ತವೆಂದು ಅವಳ ತಾಯಿ ಫೋನ್ ಕಸಿದು ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆಂದು ನಮಗೆಲ್ಲ ಗೊತ್ತೇ ಇತ್ತು. ಕಲ್ಯಾಣಕುಮಾರನಿಗೆ ಹಚ್ಚಿದಳು, ಎತ್ತಿದ. ಹಿಂದೆ ಬಸ್ಸಿನ ಗದ್ದಲ ಕೇಳುತ್ತಿತ್ತು.

"ಎಂಟಕ್ಕೇ ಕೊಟ್ಟು ಬಂದೀನ್ರಿ ಅಕ್ಕಾ. ನಾ ಈಗ ಸೊಲ್ಲಾಪುರದ ಹಾದ್ಯಾಗ ಇದ್ದೀನಿ. ಕೂಸಿಗೆ ನೀರು ಹಾಕಿದ ಮ್ಯಾಲ ನೆಕ್ಕಸ್ತೀವಿ ಅಂದ್ರು ನಮ್ಮತ್ತಿ."

ಎಷ್ಟು ಹೊತ್ತಿಗೆ ನೀರು ಹಾಕುತ್ತಾರೆ ಎಂದು ನೂರೀನ ಕೇಳಿದಳು. ಬಿಸಿಲೇರಿದ ಮೇಲೆ, ಹನ್ನೊಂದು ಹನ್ನೊಂದೂವರೆಗೆ ಎಂದ. ಆಗ ಹತ್ತು ಮುಕ್ಕಾಲು. ಅತ್ತೆ ಭೀಮಬಾಯಿಯ ನಂಬರ್ ಕೊಟ್ಟ. ಆ ನಂಬರಿಗೆ ಐದು ಸಲ ಹಚ್ಚಿದೆವು. ರಿಂಗಾಯಿತು, ಯಾರೂ ಎತ್ತಲಿಲ್ಲ.

ಸ್ಕೂಟಿಯ ಹಿಂದೆ ಕುಳಿತು ನಾನು ಅಲ್ಲಾಹನನ್ನು ಕರೆಯುತ್ತಿದ್ದೆ. ಕಬ್ಬಿನ ಕಾಲ. ರಸ್ತೆಯ ತುಂಬ ಟ್ರ್ಯಾಕ್ಟರುಗಳು, ಒಂದೊಂದಕ್ಕೂ ಎರಡೆರಡು ಟ್ರಾಲಿ. ನೂರೀನ ಒಂದನ್ನು ದಾಟಿದರೆ ಮುಂದೆ ಇನ್ನೊಂದು ನಿಂತಿರುತ್ತಿತ್ತು. ಪಕ್ಕಕ್ಕೆ ಇಳಿಸಿ ಜೋಳದ ಹೊಲದ ಅಂಚಿನಲ್ಲಿ ಗಾಡಿ ಓಡಿಸಿದಳು.

"ಅಮ್ಮೀ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ" ಎಂದಳು ತಿರುಗದೆ. "ನಿಮಗ ವಾಸನಿ ಬರಂಗಿಲ್ಲ ಅಂತ ನನಗ ಗೊತ್ತದ. ಹೋದ ವರ್ಷ ಹಾಲು ಹೊತ್ತಿ ಮನಿ ತುಂಬ ಕಮಟು ಆದಾಗ ನೀವು ಒಲಿ ಬಾಜೂಕೇ ಕೂತು ತಸ್ಬೀ ಮಣಿ ಎಣಸಾಕತ್ತಿದ್ರಿ."

"ಗೊತ್ತಿದ್ದೂ ಯಾಕ ಸುಮ್ಮನಿದ್ದಿ?"

"ನೀವು ಯಾಕ ಸುಮ್ಮನಿದ್ರಿ?"

ಸೊಸೆಯಾದವಳು ಹೀಗೆ ಕೇಳಿದರೆ ಬೇರೆ ದಿನ ಮನೆ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದೆ. ಅವತ್ತು ಅವಳ ಸೊಂಟ ಗಟ್ಟಿಯಾಗಿ ಹಿಡಿದುಕೊಂಡೆ. ಒಂದು ಕಡೆ ಟ್ರಾಲಿಯ ಚಕ್ರ ಕಳಚಿ ಕಬ್ಬು ರಸ್ತೆಗೆ ಬಿದ್ದಿತ್ತು, ಎರಡೂ ಕಡೆ ಗಾಡಿ ನಿಂತಿದ್ದವು. ನೂರೀನ ಇಳಿದು ಕಬ್ಬಿನ ಮೇಲೇ ಸ್ಕೂಟಿ ತಳ್ಳತೊಡಗಿದಳು. ಅಷ್ಟರಲ್ಲಿ ಫೋನ್ ಬಂತು. ಭೀಮಬಾಯಿ.

"ಯಾರ್ರಿ? ಐದು ಸಲ ಹಚ್ಚೀರಿ. ನಾ ಬಚ್ಚಲದಾಗಿದ್ದೆ, ಕೂಸಿಗೆ ನೀರು ಹಾಕಾಕತ್ತಿದ್ದೆ."

ನೂರೀನ ಫೋನ್ ನನ್ನ ಕೈಗೆ ಕೊಟ್ಟು, "ಹೇಳ್ರಿ, ಖರೆ ಹೇಳ್ರಿ" ಎಂದಳು.

ನಾನು ಹೇಳಿದ್ದು ಇಷ್ಟು: "ಭೀಮಬಾಯಿ, ನಾ ಅಮೀರಮ್ಮ. ಆ ಎಣ್ಣಿ ಕೂಸಿಗೆ ಕುಡಸಬ್ಯಾಡ್ರಿ. ಸೀಸೆ ಬದಲಿ ಆಗ್ಯಾದ."

ಖರೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಲ್ಲಿ ರಸ್ತೆಯಲ್ಲಿ, ಹತ್ತು ಜನ ಟ್ರ್ಯಾಕ್ಟರಿನವರ ನಡುವೆ ನಿಂತಾಗಲೂ ನನಗೆ ನನ್ನ ಮೂಗೇ ಮುಖ್ಯವಾಯಿತು. ಸೀಸೆ ಬದಲಾಗಿದೆ ಎಂದರೆ ಕೂಸೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ ಎಂದು ಲೆಕ್ಕ ಹಾಕಿದೆ.

"ಇಲ್ರಿ, ಬದಲಿ ಆಗಿಲ್ಲ" ಎಂದಳು ಭೀಮಬಾಯಿ ನಗುತ್ತ. "ನಿಮ್ಮ ಹಸಿರು ದಾರ ಅದ ನೋಡ್ರಿ ಕೊರಳಿಗೆ. ನನ್ನ ಕೈಯಾಗೇ ಅದ ಸೀಸೆ. ನೀವು ಸುಮ್ನ ಫಿಕರ್ ಮಾಡಬ್ಯಾಡ್ರಿ. ಕೂಸು ಅಳಾಕತ್ತಾದ, ಇಡ್ತೇನಿ."

ಮತ್ತೆ ಹಚ್ಚಿದೆವು. ಎತ್ತಲಿಲ್ಲ. ನೂರೀನ ನನ್ನ ಮುಖವನ್ನೇ ನೋಡಿದಳು. ಮತ್ತೆ ಸ್ಕೂಟಿ ತಳ್ಳತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಹವಳಗಾ ಮುಟ್ಟಿದಾಗ ಹನ್ನೊಂದು ಮುಕ್ಕಾಲು. ಭೀಮಬಾಯಿಯ ಮನೆಯ ಒಳಕೋಣೆಗೆ ನುಗ್ಗಿದೆ. ಹೊರಸಿನ ಮೇಲೆ ಅನುರಾಧಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಅಗ್ಗಿಷ್ಟಿಕೆಯಲ್ಲಿ ಲೋಬಾನದ ಹೊಗೆ ಏಳುತ್ತಿತ್ತು, ನನಗೆ ಅದು ಬರೀ ಹೊಗೆ. ಗೂಡಿನಲ್ಲಿ ಸೀಸೆ ಇತ್ತು. ದಾರ ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು.

"ಕುಡಿಸಿದ್ರೇನು?"

"ಹೂಂ, ಆಗ್ಲೇ ಕಾಲು ತಾಸಾತು. ಅರ್ಧ ಚಮಚಾ ಅಷ್ಟೇ" ಎಂದಳು ಭೀಮಬಾಯಿ. "ನೋಡ್ರಿ, ಹ್ಯಾಂಗ ನಿದ್ದಿ ಹತ್ಯಾದ. ಬರ್ರಿ, ಕೂಡ್ರಿ. ಇಷ್ಟು ದೂರ ಯಾಕ ಬಂದ್ರಿ, ಸೀಸೆ ನಿಮ್ದೇ ಅದ ಅಂತ ಫೋನ್ದಾಗ ಹೇಳಿದ್ನಲ್ಲ?"

ಕೂಸು ತಾಯಿಯ ಮಗ್ಗುಲಲ್ಲಿ ಕೆಂಪಗೆ, ಮುಷ್ಟಿ ಬಿಗಿದು ಮಲಗಿತ್ತು. ನೂರೀನ ನೇರ ಹೇಳಿದಳು, "ದೊಡ್ಡಮ್ಮ, ಎಣ್ಣ್ಯಾಗ ಬೇಲಿ ಔಡ್ಲ ಬೆರತದ. ಅದು ವಿಷ ಅದ್ರಿ. ಕೂಸಿಗೆ ಈಗಿಂದೀಗ ಅಫಜಲಪುರ ದವಾಖಾನಿಗೆ ಒಯ್ಯಬೇಕು."

ಭೀಮಬಾಯಿಯ ಮುಖ ಬಿಗಿಯಿತು. ಅನುಮಾನ ಬಂದದ್ದು ಎಣ್ಣೆಯ ಮೇಲಲ್ಲ, ನಮ್ಮ ಮೇಲೆ. "ಸಂಘದಾಗ ಏನರ ಜಗಳ ಆಗ್ಯಾದೇನು? ಯಾರರ ತಲಿ ಕೆಡಿಸ್ಯಾರೇನು ನಿಮಗ? ಹನ್ನೆರಡು ದಿನದ ಕೂಸಿಗೆ ಹೊಸ್ತಿಲ ದಾಟಿಸಿ ಗಾಳ್ಯಾಗ ಒಯ್ಯಂದ್ರ ಒಯ್ಯಾಕ ಆಗ್ತಾದೇನ್ರಿ? ಅಮೀರಮ್ಮ ಮೂಸಿ ಕೊಟ್ಟ ಎಣ್ಣಿ ಇದು. ಹೌದಲ್ರಿ ಅಮೀರಮ್ಮ?"

ಎಲ್ಲರೂ ನನ್ನತ್ತ ನೋಡಿದರು.

"ನಿನ್ನಿ ನನಗ ನೆಗಡಿ ಆಗಿತ್ರಿ" ಎಂದೆ. ಆಗಲೂ ಸುಳ್ಳೇ ಬಂತು. ನನ್ನ ಬಾಯಿಗೆ ಅದೇ ರೂಢಿಯಾಗಿತ್ತು.

"ಇವತ್ತ ಇಲ್ಲಲ್ಲ?" ಭೀಮಬಾಯಿ ಸೀಸೆ ತೆಗೆದು, ಬಿರಡೆ ಕಿತ್ತು ನನ್ನ ಮೂಗಿನ ಕೆಳಗೆ ಹಿಡಿದಳು. "ಮೂಸ್ರಿ. ಈಗ ಮೂಸಿ ಹೇಳ್ರಿ. ನೀವು ಕೆಟ್ಟದ ಅಂದ್ರ ಇದೇ ಸೀರಿಮ್ಯಾಲೆ ಕೂಸಿಗೆ ಎತ್ತಿಕೊಂಡು ಓಡ್ತೀನಿ."

ಸುಲಭದ ದಾರಿ ಅಲ್ಲೇ ಇತ್ತು. ಒಂದು ಸಲ ಉಸಿರು ಎಳೆದು, ಮುಖ ಸಿಂಡರಿಸಿ, ಛೀ, ಕೆಟ್ಟದ ಅಂದಿದ್ದರೆ ಸಾಕಿತ್ತು. ಎರಡು ವರ್ಷ ಅದನ್ನೇ ಮಾಡಿದವಳು ನಾನು. ಹಾಗೆಯೇ ಮಾಡಿದೆ. ಉಸಿರೆಳೆದು, "ಕೆಟ್ಟದ" ಎಂದೆ.

ಭೀಮಬಾಯಿ ಸೀಸೆಯನ್ನು ಬೆಳಕಿಗೆ ಹಿಡಿದಳು. ಅದರಲ್ಲಿ ಎಣ್ಣೆಯಿರಲಿಲ್ಲ, ನೀರಿತ್ತು. ಗೂಡಿನಲ್ಲಿ ಅಂಥವೇ ಎರಡು ಕಂದು ಸೀಸೆ ಇದ್ದದ್ದನ್ನು ನಾನು ಗಮನಿಸಿರಲಿಲ್ಲ. ಎಣ್ಣೆಯದನ್ನು ಅವಳು ಮುಟ್ಟಿಯೇ ಇರಲಿಲ್ಲ.

"ನೀರಿಗೆ ಕೆಟ್ಟದ ಅಂದ್ರಿ" ಎಂದಳು ನಿಧಾನವಾಗಿ. "ಏನಾಟ ಹಚ್ಚೀರಿ ನೀವು? ನಾ ನನ್ನ ಮಮ್ಮಗನ್ನ ಎಲ್ಲಿಗೂ ಕಳಸಂಗಿಲ್ಲ. ಏಳ್ರಿ ನೀವು, ನಡೀರಿ."

ಅವಳು ಬಾಗಿಲ ಕಡೆ ಕೈ ತೋರಿಸಿದಳು. ಕೂಸು ಒಮ್ಮೆ ಮುಲುಗಿ ಕಾಲು ಹೊಟ್ಟೆಗೆ ಎಳೆದುಕೊಂಡಿತು. ಅದನ್ನು ನೋಡಿದ್ದು ನಾನೊಬ್ಬಳೇ. ನನ್ನ ಸುಳ್ಳು ಆ ಹಸುಗೂಸಿನ ಹೊಟ್ಟೆಯೊಳಗೆ ಇಳಿದು ಕೆಲಸ ಶುರುಮಾಡಿದೆ ಅನ್ನಿಸಿತು. ಭೀಮಬಾಯಿಯ ಕಾಲ ಬಳಿ ಕುಳಿತುಬಿಟ್ಟೆ.

"ನನಗ ಮೂಗಿಲ್ರಿ. ಎರಡು ವರ್ಷಾತು, ಏನೂ ವಾಸನಿ ಬರಂಗಿಲ್ಲ. ಎಣ್ಣೀನೂ ಬರಂಗಿಲ್ಲ, ನೀರೂ ಬರಂಗಿಲ್ಲ. ಮೂಸಿದಂಗ ಮಾಡಿ ಹೂಂ ಅಂತಿದ್ದೆ. ನಿನ್ನಿನೂ ಹಂಗೇ ಹೂಂ ಅಂದೆ. ನಿಮ್ಮ ಕೂಸಿಗೆ ನಾನೇ ವಿಷ ಕಳಿಸೀನಿ."

ಭೀಮಬಾಯಿ ನಂಬಲಿಲ್ಲ. ಎರಡು ಸುಳ್ಳು ಹಿಡಿದವಳು ಮೂರನೆಯದನ್ನು ಯಾಕೆ ನಂಬಬೇಕು? ಗೂಡಿನಿಂದ ಏನನ್ನೋ ತೆಗೆದಳು. ಒರಟು ಅಂಗೈಯಿಂದ ನನ್ನ ಎರಡೂ ಕಣ್ಣು ಮುಚ್ಚಿದಳು.

"ಏನದು ಹೇಳ್ರಿ."

ಬಾಣಂತಿಯ ಕೋಣೆಯಲ್ಲಿ ಏನೇನಿರುತ್ತದೆ ಎಂದು ನನಗೆ ಗೊತ್ತು. ಅಜವಾನ, ಶುಂಠಿ, ಲೋಬಾನ, ಇಂಗು. ಊಹಿಸಿ ಒಂದು ಹೇಳಬಹುದಿತ್ತು, ಸರಿಯೂ ಆಗಬಹುದಿತ್ತು. "ಏನೂ ಇಲ್ರಿ" ಎಂದೆ. ಅವಳು ಇನ್ನೂ ಹತ್ತಿರ ತಂದಳು. ಮೂಗಿನ ತುದಿಗೆ ಪುಡಿ ತಾಗಿತು. "ಗಾಳಿ ಅಷ್ಟೇ. ನಂಬ್ರಿ, ಏನೂ ಇಲ್ಲ."

ಕೈ ತೆಗೆದಳು. ಇನ್ನೊಂದು ಅಂಗೈಯಲ್ಲಿ ಕುಟ್ಟಿದ ಇಂಗು. ಬಾಜೂ ಮನೆಯವರಿಗೂ ತಿಳಿಯುವ ಇಂಗು. ಭೀಮಬಾಯಿ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು, ಇಂಗನ್ನು ನೆಲಕ್ಕೆ ಕೊಡವಿದಳು.

ಮೊದಲು ಎದ್ದದ್ದು ಅನುರಾಧಾ. ಕೂಸನ್ನು ದುಪ್ಪಟಿಯಲ್ಲಿ ಸುತ್ತಿ ಎದೆಗೆ ಹಚ್ಚಿಕೊಂಡಳು. "ಮಗಳೇ, ಕೂಸಿಗೆ ಗಾಳಿ ಬಡೀತಾದ, ನೀನು ಅಗ್ಗಿಷ್ಟಿಕಿ ಬಿಟ್ಟು ಏಳಬ್ಯಾಡ" ಎಂದು ಭೀಮಬಾಯಿ ಅರ್ಧ ಮಾತಾಡುವಾಗಲೇ ಅವಳು ಹೊಸ್ತಿಲು ದಾಟಿದ್ದಳು.

ಎದುರು ಮನೆಯ ಸರ್ದಾರನ ಟಂಟಂ ಆಟೋ ಇತ್ತು. ಅವನು ಊಟದ ತಟ್ಟೆ ಬಿಟ್ಟು ಎದ್ದು ಬಂದ. ಊರು ದಾಟುವ ಮೊದಲೇ ಕೂಸು ವಾಂತಿ ಮಾಡಿಕೊಂಡಿತು. ಮೊದಲು ಹಾಲು, ಆಮೇಲೆ ಬರೀ ಹಸಿರು ನೀರು. ಆಮೇಲೆ ಭೇದಿ. ಅನುರಾಧಾ ಒರೆಸಿದಷ್ಟೂ ಮತ್ತೆ ಆಗುತ್ತಿತ್ತು. ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಸಾಲು ಕದಲುತ್ತಿರಲಿಲ್ಲ. ನೂರೀನ ಸ್ಕೂಟಿಯ ಮೇಲೆ ಮುಂದೆ ಮುಂದೆ ಹೋಗಿ, ಹಾರ್ನ್ ಒತ್ತಿ, ಕೈಮುಗಿದು, ಬೈದು, ಒಬ್ಬೊಬ್ಬರನ್ನೇ ಪಕ್ಕಕ್ಕೆ ಸರಿಸಿದಳು. ಕೂಸು ಅಳುವುದನ್ನು ನಿಲ್ಲಿಸಿತ್ತು. ಅಳಲಿ ಎಂದು ನಾನು ಅದರ ಅಂಗಾಲು ಚಿವುಟಿದೆ. ಭೀಮಬಾಯಿ ನನ್ನ ಕೈಯನ್ನು ತಳ್ಳಿ, ತಾನೇ ಚಿವುಟಿದಳು.

ದವಾಖಾನೆಯಲ್ಲಿ ಡಾಕ್ಟರಮ್ಮ ಏನು ಕುಡಿಸಿದಿರಿ ಎಂದರು. ಸೆರಗಿನ ಗಂಟು ಬಿಚ್ಚಿ ಬೀಜ ಅವರ ಮೇಜಿನ ಮೇಲೆ ಸುರಿದೆ. ಅವರು ಒಮ್ಮೆ ನೋಡಿ ನರ್ಸಿಗೆ ಕೂಗಿದರು, ಕೂಸನ್ನು ಒಳಗೆ ಒಯ್ದರು. ಅಷ್ಟು ಸಣ್ಣ ಕೈಯಲ್ಲಿ ನರ ಸಿಗದೆ ಮೂರು ಕಡೆ ಚುಚ್ಚಿದರು. ಕೊನೆಗೆ ಹಣೆಯ ಮೇಲ್ಭಾಗದಲ್ಲಿ ಸೂಜಿ ಹಾಕಿ ಸಲೈನ್ ಹಚ್ಚಿದರು. ಹೊರಗೆ ಬೆಂಚಿನ ಮೇಲೆ ನಾವು ಕುಳಿತೆವು. ಮಧ್ಯೆ ನೂರೀನ ಸಂಘಕ್ಕೆ ಫೋನ್ ಮಾಡಿ ಹಂಡೆಯ ಎಣ್ಣೆಯೆಲ್ಲ ಮಣ್ಣಿಗೆ ಸುರಿಯಲು ಹೇಳಿದಳು. ಯಾಕೆ ಎಂದು ಅವರು ಕೇಳಿದ್ದು ನನಗೂ ಕೇಳಿಸಿತು. "ಅಮ್ಮಿನೇ ಬಂದು ಹೇಳ್ತಾರ" ಎಂದಳು.

ನಾಲ್ಕು ಗಂಟೆಗೆ ಡಾಕ್ಟರಮ್ಮ ಹೊರಗೆ ಬಂದರು. "ಜಲ್ದಿ ತಂದೀರಿ, ಅದಕ್ಕ ಉಳಿದಾದ. ಇನ್ನೊಂದು ತಾಸು ತಡ ಮಾಡಿದ್ರ ಉಳೀತಾದ ಅಂತ ನಾ ಹೇಳಾಕ ಆಗ್ತಿದ್ದಿಲ್ಲ. ಮೂರು ದಿನ ಇಲ್ಲೇ ಇರ್ಲಿ" ಎಂದರು. ಅನುರಾಧಾ ಗೋಡೆಗೆ ಒರಗಿ ಗಟ್ಟಿಯಾಗಿ ಅತ್ತಳು. ಭೀಮಬಾಯಿ ಅಳಲಿಲ್ಲ. ಅನುರಾಧಾಳನ್ನು ಒಳಗೆ ಕಳಿಸಿ, ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಳು. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ತಲೆ ತಗ್ಗಿಸಿದೆ.

"ಎರಡು ವರ್ಷ ಅಂದ್ರಿ" ಎಂದಳು. "ಎರಡು ವರ್ಷದಾಗ ಹಿಂಗ ಎಷ್ಟು ಮನಿಗೆ ಕಳಿಸೀರಿ?"

ಆ ಪ್ರಶ್ನೆಯನ್ನು ನಾನು ನನಗೆ ಕೇಳಿಕೊಂಡೇ ಇರಲಿಲ್ಲ. ಬೆರಳು ಮಡಿಸುತ್ತ ಹೋದೆ. ಹಸನಸಾಬನ ಸೊಸೆಗೆ. ಹುಸೇನಪೀರನ ಮಗಳಿಗೆ. ಅಫ್ರೀನಳ ತಂಗಿಗೆ. ಗೊಬ್ಬೂರಿನ ಮೇಲಿನ ಓಣಿಯಲ್ಲಿ ಇಬ್ಬರಿಗೆ. ಜೇವರ್ಗಿಯಲ್ಲಿ ಒಬ್ಬಳಿಗೆ. ಆರು. ಏಳನೆಯ ಬೆರಳು ಮಡಿಸುವಾಗ ಕೈ ನಿಂತಿತು. ಅಜೀಮನ ಹೆಂಡತಿ ಗುಲಫಶಾ. ಅವಳಿಗೆ ಹೆಣ್ಣುಕೂಸು ಹುಟ್ಟಿತ್ತು. ಹುಟ್ಟಿದ ಒಂಬತ್ತನೆಯ ದಿನ ನನ್ನ ಸೀಸೆ ಹೋಗಿತ್ತು. ನಲವತ್ತು ದಿನ ತುಂಬುವ ಮೊದಲು ಕೂಸು ತೀರಿಕೊಂಡಿತು. ಕಾಮಾಲೆ ಎಂದಿದ್ದರು. ಮಣ್ಣಿಗೆ ಒಯ್ಯುವ ದಿನ ಗುಲಫಶಾಳ ತಲೆ ನನ್ನ ಎದೆಗೆ ಒತ್ತಿಕೊಂಡು, ಅಲ್ಲಾಹನ ಮರ್ಜಿ ಮಗಳೇ ಎಂದು ಸಮಾಧಾನ ಹೇಳಿದವಳು ನಾನೇ.

ಆ ಸಲದ ಗಂಟುಗಳಲ್ಲಿ ಏನಿತ್ತು? ಒಳ್ಳೆಯ ಔಡಲವೇ ಇರಬಹುದು. ಕಾಮಾಲೆಯೇ ಆಗಿರಬಹುದು. ಮೂಸಿದ್ದರೆ ಗೊತ್ತಿರುತ್ತಿತ್ತು. ನಾನು ಮೂಸಿರಲಿಲ್ಲ. ಇನ್ನು ಯಾವತ್ತೂ, ಯಾರಿಗೂ ಗೊತ್ತಾಗುವುದಿಲ್ಲ.

"ಏಳು ಮನಿಗೆ" ಎಂದೆ ಭೀಮಬಾಯಿಗೆ. ಅವುಗಳಲ್ಲಿ ಉಳಿಯದ ಆ ಒಂದು ಕೂಸು ಯಾರದೆಂಬುದನ್ನೂ ಹೇಳಿದೆ. ಅವಳು ನನ್ನ ಮುಖ ನೋಡದೆ ಎದ್ದು, ಮಗಳಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನೂರೀನ ಕಾರಿಡಾರಿನ ಆ ತುದಿಯಿಂದ ಚಹಾ ತಂದಳು. ನಾನು ಲೋಟ ಪಕ್ಕಕ್ಕಿಟ್ಟು ಫೋನ್ ಕೊಡು ಎಂದೆ. ಆರು ಮನೆಗೆ ನಾಳೆ ಹೋಗಿ, ಎದುರು ನಿಂತು ಹೇಳಬಹುದಿತ್ತು. ಏಳನೆಯದನ್ನು ನಾಳೆಗೆ ಇಟ್ಟರೆ ನಾನು ಮತ್ತೆ ಒಂದು ಸುಳ್ಳು ಹುಡುಕುತ್ತೇನೆಂದು ನನಗೆ ಗೊತ್ತಿತ್ತು.

"ಗುಲಫಶಾಗೆ ಹಚ್ಚು" ಎಂದೆ.

ನೂರೀನ ನನ್ನ ಮುಖ ನೋಡಿದಳು. "ಅಮ್ಮೀ, ಆಕಿಗೆ ಯಾಕ ಈಗ? ಆಕಿ ಮರತಿರ್ತಾಳ..."

"ತಾಯಿ ಮರೀತಾಳೇನು? ಹಚ್ಚು."

ಎರಡನೆಯ ರಿಂಗಿಗೇ ಎತ್ತಿದಳು. ಅವಳು ಕೆಲಸಕ್ಕೆ ಹೋಗುವ ಗಿರಣಿಯ ಸದ್ದಿನ ನಡುವೆ, ನಗುನಗುತ್ತ, "ಖಾಲಾ! ಎಷ್ಟು ದಿನಾತ್ರಿ ನೆನಸಿ. ಹೇಳ್ರಿ, ಆರಾಮ ಇದ್ದೀರಲ್ಲ?" ಎಂದಳು.

"ಗಿರಣಿಯಿಂದ ಹೊರಗ ಬಾ ಮಗಳೇ" ಎಂದೆ. "ಎಲ್ಲ್ಯಾದ್ರೂ ಕೂಡು. ಕೂತು ಕೇಳು."

ಸದ್ದು ಕಡಿಮೆಯಾಯಿತು. ಅವಳು ಎಲ್ಲೋ ಕುಳಿತದ್ದು ತಿಳಿಯಿತು. ನಾನು ಜ್ವರ ಬಂದ ದಿನದಿಂದ ಶುರುಮಾಡಿದೆ.